ಹಸಿ ಗಾಳಿಯ ಊರಿನಲ್ಲಿ ಫಾಂಡೆಂಟ್ ಕೇಕ್: ಹೊಸಬರು ಯಾವುದನ್ನು ಆರಿಸಿಕೊಳ್ಳಬೇಕು?

ಹಲಸಿನ ಹಪ್ಪಳ ಒಣಗದ ದಿನ ಫಾಂಡೆಂಟಿನ, ಎಂದರೆ ಕೇಕಿಗೆ ಹೊದಿಸುವ ಸಕ್ಕರೆ ಹಿಟ್ಟಿನ, ಗೊಂಬೆಯೂ ಒಣಗುವುದಿಲ್ಲ. ಕುಂಬಳೆಯ ಕಡೆಯ ನಮ್ಮ ಮನೆಯಲ್ಲಿ ಇದು ನನಗೆ ಗೊತ್ತಾದದ್ದು ಒಂದು ಆಟಿ ತಿಂಗಳಲ್ಲಿ, ಎಂದರೆ ಜುಲೈ–ಆಗಸ್ಟಿನ ಮಳೆಯಲ್ಲಿ. ಅಕ್ಕನ ಮಗನ ಹುಟ್ಟುಹಬ್ಬಕ್ಕೆ ಆನೆಯ ಕೇಕ್ ಮಾಡಿದ್ದೆ. ಒಳಗೆ ಮೆತ್ತನೆಯ ಸ್ಪಂಜು, ಅದಕ್ಕೆ ವಿಪ್ಪಿಂಗ್ ಕ್ರೀಮ್ ಸವರಿ, ಮೇಲೆ ಬೂದುಬಣ್ಣದ ಫಾಂಡೆಂಟ್ ಹೊದಿಸಿ, ನೆತ್ತಿಯಲ್ಲಿ ಒಂದು ಆನೆ ಕೂರಿಸಿದ್ದೆ. ರಾತ್ರಿ ಫ್ರಿಜ್ಜಿನಲ್ಲಿಟ್ಟಾಗ ನೋಡಲು ಚೆನ್ನಾಗಿಯೇ ಇತ್ತು. ಮರುದಿನ ಸಂಜೆ ಹೊರತೆಗೆದು ಚಾವಡಿಯ ಮೇಜಿನ ಮೇಲಿಟ್ಟ ಇಪ್ಪತ್ತು ನಿಮಿಷಕ್ಕೆ ಕೇಕ್ ಬೆವರತೊಡಗಿತು. ಮೊದಲು ಹೊಳಪು, ಆಮೇಲೆ ಹನಿ, ಆಮೇಲೆ ಹೊದಿಕೆಯೇ ಮೆಲ್ಲನೆ ಜಾರಿ ಬುಡದಲ್ಲಿ ಮುದ್ದೆಯಾಯಿತು. ಸೊಂಡಿಲು ಕಳಚಿ ಬಿತ್ತು. ಬಂದವರೆಲ್ಲ ಸಮಾಧಾನ ಹೇಳಿದರು, ಮಗುವಿನ ಅಳು ಮಾತ್ರ ನಿಲ್ಲಲಿಲ್ಲ.

ನಾನು ನೋಡಿ ಕಲಿತ ವಿಡಿಯೊಗಳಲ್ಲಿ ತಪ್ಪೇನೂ ಇರಲಿಲ್ಲ. ಅವರು ಕೆಲಸ ಮಾಡುತ್ತಿದ್ದದ್ದು ಒಣ ಹವೆಯ ಊರಿನಲ್ಲಿ ಅಥವಾ ಎಸಿ ಕೋಣೆಯಲ್ಲಿ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಮಳೆ ಬಿಟ್ಟ ಮೇಲೂ ಕಡಲ ಗಾಳಿಯ ಪಸೆ ಬಿಡುವುದಿಲ್ಲ. ಎಪ್ರಿಲ್‌ನಲ್ಲಿ ಸೆಖೆ ಬೇರೆ. ಫಾಂಡೆಂಟ್ ಎಂದರೆ ಬಹುಪಾಲು ಸಕ್ಕರೆ. ಸಕ್ಕರೆ ಎಲ್ಲಿಂದಾದರೂ ನೀರನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಕಲಿಯಲು ಹೊರಟವರು ಪ್ರತಿ ಆಯ್ಕೆಯ ಮುಂದೆಯೂ ಒಂದೇ ಪ್ರಶ್ನೆ ಇಟ್ಟುಕೊಳ್ಳಬೇಕು: ಇದು ನಮ್ಮ ತೇವವನ್ನು ತಡೆದುಕೊಳ್ಳುತ್ತದೆಯೇ? ರುಚಿ, ಖರ್ಚು, ಚೆಂದ ಎಲ್ಲವೂ ಅದರ ನಂತರ.

ಯಾವ ಹಿಟ್ಟು?

ಐಸಿಂಗ್ ಸಕ್ಕರೆ ಎಂಬ ನುಣುಪಾದ ಪುಡಿ ಸಕ್ಕರೆ, ಗ್ಲೂಕೋಸ್ ಪಾಕ, ಗ್ಲಿಸರಿನ್, ಸ್ವಲ್ಪ ವನಸ್ಪತಿ, ಇವನ್ನೆಲ್ಲ ಹಿಡಿದಿಡಲು ಜೆಲಟಿನ್ ಅಥವಾ ಯಾವುದಾದರೊಂದು ಖಾದ್ಯ ಗೋಂದು. ಇಷ್ಟನ್ನು ನಾದಿದರೆ ಹೋಳಿಗೆಯ ಕಣಕದಂತೆ ಎಳೆದರೆ ಬರುವ, ಜೇಡಿಮಣ್ಣಿನಂತೆ ಹೇಳಿದ ಆಕಾರಕ್ಕೆ ನಿಲ್ಲುವ ಹಿಟ್ಟಾಗುತ್ತದೆ. ಇದನ್ನು ಪಡೆಯಲು ಮೂರು ದಾರಿಗಳಿವೆ. ಇದರ ಬದಲಿಗೆ ಬಳಸಬಹುದಾದ ಇನ್ನೆರಡು ಹಿಟ್ಟುಗಳೂ ಇವೆ.

ಅಂಗಡಿಯ ಸಿದ್ಧ ಫಾಂಡೆಂಟ್ ಮೊದಲನೆಯದು. ಇದರ ದೊಡ್ಡ ಗುಣವೆಂದರೆ ಪ್ರತಿ ಸಲವೂ ಒಂದೇ ಹದ. ಹೊಸಬರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಹೊದಿಕೆ ಹರಿದರೆ ಅದು ನಿಮ್ಮ ಕೈಯ ತಪ್ಪೋ ಹಿಟ್ಟಿನ ತಪ್ಪೋ ಎಂಬ ಗೊಂದಲ ಇರುವುದಿಲ್ಲ. ಕೈಯನ್ನಷ್ಟೇ ತಿದ್ದಿಕೊಂಡರೆ ಸಾಕು. ಹಸಿರು ಚುಕ್ಕೆಯ ಪೊಟ್ಟಣಗಳೂ ಸಿಗುತ್ತವೆ, ಅವುಗಳಲ್ಲಿ ಜೆಲಟಿನ್ ಇರುವುದಿಲ್ಲ. ದುಬಾರಿ ಎಂಬುದು ನಿಜ. ಬರೀ ಸಕ್ಕರೆ ತಿಂದಂತಾಗುತ್ತದೆ ಎಂಬ ದೂರೂ ನಿಜ. ಹಳೆಯ ದಾಸ್ತಾನು ಕೈಗೆ ಸಿಕ್ಕರೆ ಕಲ್ಲಿನಂತಿರುತ್ತದೆ; ಆಗ ಮೈಕ್ರೋವೇವಿನಲ್ಲಿ ಐದು ಸೆಕೆಂಡು ಬಿಸಿ ಮಾಡಿ, ಅಂಗೈಗೆ ಚೂರು ವನಸ್ಪತಿ ಸವರಿಕೊಂಡು ನಾದಿದರೆ ಮೆತ್ತಗಾಗುತ್ತದೆ. ಒಡೆದ ಪೊಟ್ಟಣವನ್ನು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ಗಾಳಿ ಆಡದ ಡಬ್ಬಿಯಲ್ಲಿ ಹೊರಗೇ ಇಡಿ. ಫ್ರಿಜ್ ಬೇಡ.

ಎರಡನೆಯದು ಮಾರ್ಶ್‌ಮ್ಯಾಲೊ ಫಾಂಡೆಂಟ್. 450 ಗ್ರಾಂ ಮಾರ್ಶ್‌ಮ್ಯಾಲೊವನ್ನು ಎರಡು ಚಮಚ ನೀರಿನೊಂದಿಗೆ ಕರಗಿಸಿ, ಸುಮಾರು 900 ಗ್ರಾಂ ಐಸಿಂಗ್ ಸಕ್ಕರೆ ಸೇರಿಸಿ ನಾದುವುದು. ಮೂರು ಫಾಂಡೆಂಟುಗಳಲ್ಲಿ ಹೆಚ್ಚು ರುಚಿ ಇದರದ್ದೇ, ಮಕ್ಕಳು ಹೊದಿಕೆಯನ್ನೂ ಬಿಡದೆ ತಿನ್ನುತ್ತಾರೆ. ಆದರೆ ನಮ್ಮ ಸೆಖೆಯಲ್ಲಿ ಇದು ಬೇಗ ಮೆತ್ತಗಾಗುತ್ತದೆ, ಲಟ್ಟಿಸುವಾಗ ಮಣೆಗೆ ಅಂಟಿಕೊಳ್ಳುತ್ತದೆ. ಇನ್ನೊಂದು ವಿಷಯವನ್ನು ಸ್ಪಷ್ಟವಾಗಿಯೇ ಹೇಳಬೇಕು. ಸಾಮಾನ್ಯ ಮಾರ್ಶ್‌ಮ್ಯಾಲೊದಲ್ಲಿರುವ ಜೆಲಟಿನ್ ಪ್ರಾಣಿಗಳ ಚರ್ಮ ಮತ್ತು ಎಲುಬಿನಿಂದ ಬಂದದ್ದು. ನಮ್ಮ ಊರಿನಲ್ಲಿ ಒಂದೇ ಬೀದಿಯಲ್ಲಿ ಸಸ್ಯಾಹಾರಿ ಮನೆ, ಹಲಾಲ್ ನೋಡುವ ಮನೆ, ಎರಡೂ ಇಲ್ಲದ ಮನೆ ಅಕ್ಕಪಕ್ಕದಲ್ಲಿರುತ್ತವೆ. ಹುಟ್ಟುಹಬ್ಬಕ್ಕೆ ಎಲ್ಲರ ಮಕ್ಕಳೂ ಬರುತ್ತಾರೆ. ಕೇಕಿನಲ್ಲಿ ಏನಿದೆ ಎಂದು ಯಾರೂ ಕೇಳದಿದ್ದರೂ ಹೇಳಬೇಕಾದದ್ದು ಮಾಡಿದವರ ಕರ್ತವ್ಯ. ಪೊಟ್ಟಣದ ಮೇಲಿನ ಅಕ್ಷರ ಓದದೆ ಯಾವುದನ್ನೂ ಕೊಳ್ಳಬೇಡಿ.

ಮೂರನೆಯದು ಜೆಲಟಿನ್ ಹಾಕಿ ಮನೆಯಲ್ಲೇ ಮಾಡುವ ಫಾಂಡೆಂಟ್. ಒಂದು ಕಿಲೋ ಐಸಿಂಗ್ ಸಕ್ಕರೆಗೆ ಒಂದು ದೊಡ್ಡ ಚಮಚ ಜೆಲಟಿನ್, ಕಾಲು ಕಪ್ ನೀರು, ಅರ್ಧ ಕಪ್ ಗ್ಲೂಕೋಸ್ ಪಾಕ, ಒಂದು ದೊಡ್ಡ ಚಮಚ ಗ್ಲಿಸರಿನ್, ಎರಡು ದೊಡ್ಡ ಚಮಚ ವನಸ್ಪತಿ ಎಂಬುದು ಸಾಮಾನ್ಯ ಲೆಕ್ಕ. ಖರ್ಚು ಇದರಲ್ಲಿ ಎಲ್ಲಕ್ಕಿಂತ ಕಡಿಮೆ. ಆದರೆ ಗ್ಲಿಸರಿನ್ ಕೂಡ ಗಾಳಿಯ ನೀರನ್ನು ಎಳೆಯುವ ವಸ್ತುವೇ. ಒಣ ಊರಿನವರು ಹಿಟ್ಟು ಬಿರಿಯದಿರಲೆಂದು ಅದನ್ನು ಧಾರಾಳವಾಗಿ ಹಾಕುತ್ತಾರೆ. ಅದೇ ಅಳತೆಯನ್ನು ನಾವು ಜುಲೈಯಲ್ಲಿ ಹಾಕಿದರೆ ಹಿಟ್ಟು ಬೆಲ್ಲದ ಪಾಕದಂತೆ ಜಿಗುಟಾಗುತ್ತದೆ. ಮಳೆಗಾಲದಲ್ಲಿ ಅರ್ಧ ಚಮಚ ಸಾಕು. ಸಕ್ಕರೆಯನ್ನು ಮನೆಯ ಮಿಕ್ಸಿಯಲ್ಲಿ ಪುಡಿ ಮಾಡುವ ಆಸೆಯನ್ನೂ ಬಿಡಿ. ಎಷ್ಟು ಜರಡಿ ಹಿಡಿದರೂ ಕಣ್ಣಿಗೆ ಕಾಣದ ತರಿ ಉಳಿಯುತ್ತದೆ, ಲಟ್ಟಿಸುವಾಗ ಹಿಟ್ಟು ಆ ತರಿಯಿಂದಲೇ ಹರಿಯಲು ತೊಡಗುತ್ತದೆ. ಜೆಲಟಿನ್ ಬದಲು ಚೈನಾ ಗ್ರಾಸ್ ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಅದು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆಯೇ ಹೊರತು ಎಳೆದರೆ ಬರುವುದಿಲ್ಲ, ಫಟ್ಟೆಂದು ತುಂಡಾಗುತ್ತದೆ.

ನಾಲ್ಕನೆಯದು ಚಾಕಲೇಟ್ ಹಿಟ್ಟು. ಇದನ್ನು ಹೊಸಬರು ಗಮನಿಸುವುದೇ ಕಡಿಮೆ, ನನಗೆ ಮಾತ್ರ ಬಹಳ ಇಷ್ಟ. 300 ಗ್ರಾಂ ಕಪ್ಪು ಕಾಂಪೌಂಡ್ ಚಾಕಲೇಟನ್ನು ಕರಗಿಸಿ, ಉಗುರುಬೆಚ್ಚಗಾದಾಗ 100 ಗ್ರಾಂ ಗ್ಲೂಕೋಸ್ ಪಾಕ ಬೆರೆಸಿ, ಮುದ್ದೆ ಕಟ್ಟುವಷ್ಟೇ ಕಲಸಿ, ಸುತ್ತಿ ಒಂದು ರಾತ್ರಿ ಬಿಟ್ಟರೆ ಮುಗಿಯಿತು. ಬಿಳಿ ಚಾಕಲೇಟಿಗೆ ಪಾಕ 75 ಗ್ರಾಂ ಸಾಕು. ಹೆಚ್ಚು ಕಲಸಿದರೆ ಎಣ್ಣೆ ಬಿಡುತ್ತದೆ, ಅಷ್ಟು ಎಚ್ಚರ ಬೇಕು. ಚಾಕಲೇಟಿನ ಕೊಬ್ಬು ಗಾಳಿಯ ತೇವವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲವಾದ್ದರಿಂದ ಆಟಿಯ ಮಳೆಯಲ್ಲೂ ಗೊಂಬೆ ಅಂಟಾಗದೆ ನಿಲ್ಲುತ್ತದೆ. ಇದರ ಶತ್ರು ಬೇಸಿಗೆ. ಎಪ್ರಿಲ್ ಮಧ್ಯಾಹ್ನ ಅಂಗೈಯ ಬಿಸಿಗೇ ಕರಗುತ್ತದೆ. ಎಂದರೆ ಫಾಂಡೆಂಟಿಗೆ ಕಷ್ಟವಾದ ತಿಂಗಳುಗಳಲ್ಲಿ ಇದು ಸುಲಭ, ಇದಕ್ಕೆ ಕಷ್ಟವಾದ ಮಾರ್ಚ್–ಎಪ್ರಿಲ್‌ನಲ್ಲಿ ಫಾಂಡೆಂಟ್ ವಾಸಿ.

ಐದನೆಯದು ನಮ್ಮ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳ ಜೊತೆ ಬರುವ ಮಾರ್ಜಿಪಾನ್. ಬೇರೆಡೆ ಬಾದಾಮಿಯಲ್ಲಿ ಮಾಡುವುದನ್ನು ಇಲ್ಲಿ ಗೇರುಬೀಜದಲ್ಲಿ ಮಾಡುತ್ತಾರೆ. ಗೇರುಬೀಜಕ್ಕೆ ನಮ್ಮಲ್ಲಿ ಬರವಿಲ್ಲ. ಕಾಜು ಕತ್ಲಿ ಮಾಡಲು ಬರುವವರಿಗೆ ಇದರ ಹದ ಹೇಳಿಕೊಡುವ ಅಗತ್ಯವೂ ಇಲ್ಲ. ಸಣ್ಣ ಹಣ್ಣು, ಹೂ, ಎಲೆಗಳಿಗೆ ಇದು ಬಹಳ ಚೆನ್ನ, ತಿನ್ನಲು ಫಾಂಡೆಂಟಿಗಿಂತ ಎಷ್ಟೋ ಮೇಲು. ಆದರೆ ಕೈಕಾಲು ಚಾಚಿದ ಗೊಂಬೆ ಇದರಲ್ಲಿ ನಿಲ್ಲುವುದಿಲ್ಲ, ಬೆಳ್ಳಗಿನ ಹೊದಿಕೆಯೂ ಸಿಗುವುದಿಲ್ಲ. ಸಾಂಪ್ರದಾಯಿಕವಾಗಿ ಮೊಟ್ಟೆಯ ಬಿಳಿ ಹಾಕುತ್ತಾರೆ. ಬೇಡವಾದವರು ಸಕ್ಕರೆ ಪಾಕದಲ್ಲೇ ಕಟ್ಟಬಹುದು.

ನನ್ನ ತೀರ್ಮಾನ ಹೀಗಿದೆ. ಮೊದಲ ಐದಾರು ಕೇಕುಗಳಿಗೆ ಸಿದ್ಧ ಫಾಂಡೆಂಟನ್ನೇ ಕೊಳ್ಳಿ, ಖರ್ಚು ಎನಿಸಿದರೂ ಕೊಳ್ಳಿ. ಜೂನ್‌ನಿಂದ ಸಪ್ಟೆಂಬರ್‌ವರೆಗೆ ಗೊಂಬೆಗಳನ್ನು ಚಾಕಲೇಟ್ ಹಿಟ್ಟಿನಲ್ಲಿ ಮಾಡಿ. ಕೈ ಪಳಗಿದ ಮೇಲೆ, ಡಿಸೆಂಬರ್‌ನ ಒಣ ದಿನಗಳಲ್ಲಿ, ಮನೆಯ ಫಾಂಡೆಂಟನ್ನು ನಾದಿ ನೋಡಿ. ಮಾರ್ಶ್‌ಮ್ಯಾಲೊವನ್ನು ಎಸಿ ಇರುವವರು ಆರಿಸಿಕೊಳ್ಳಬಹುದು.

ಹೊದಿಕೆಯ ಅಡಿಯಲ್ಲಿ ಏನು?

ಫಾಂಡೆಂಟ್ ಸೀರೆಯಿದ್ದಂತೆ. ಒಳಗಿನದು ಸರಿಯಾಗಿ ನಿಂತಿದ್ದರೆ ಮಾತ್ರ ಮೇಲಿನದು ಚೆನ್ನಾಗಿ ಕೂರುತ್ತದೆ. ನನ್ನ ಆನೆ ಬಿದ್ದದ್ದು ಫಾಂಡೆಂಟಿನ ದೋಷದಿಂದ ಅಲ್ಲವೇ ಅಲ್ಲ; ಅಡಿಯಲ್ಲಿ ಸವರಿದ್ದ ವಿಪ್ಪಿಂಗ್ ಕ್ರೀಮಿನಿಂದ.

ವಿಪ್ಪಿಂಗ್ ಕ್ರೀಮ್ ಹಗುರ, ಅಗ್ಗ, ನಮ್ಮ ಬೇಕರಿಗಳ ರುಚಿಗೆ ಒಗ್ಗಿದ್ದು. ಆದರೆ ಅದರಲ್ಲಿ ನೀರಿನಂಶ ಬಹಳ. ಆ ನೀರನ್ನು ಫಾಂಡೆಂಟ್ ಕುಡಿದು ಒಳಗಿನಿಂದ ಕರಗುತ್ತದೆ, ಹೊರಗಿನಿಂದ ಗಾಳಿಯ ತೇವವೂ ಸೇರುತ್ತದೆ. ಕ್ರೀಮ್ ಕೇಕೇ ಬೇಕೆಂದು ಮನೆಯವರು ಹಟ ಹಿಡಿದರೆ ಕ್ರೀಮ್ ಕೇಕನ್ನೇ ಮಾಡಿ, ಮೇಲೆ ಚಾಕಲೇಟ್ ಹಿಟ್ಟಿನ ಒಂದು ಗೊಂಬೆಯನ್ನು ಕತ್ತರಿಸುವ ಅರ್ಧ ಗಂಟೆ ಮೊದಲು ಕೂರಿಸಿ. ಪೂರ್ತಿ ಫಾಂಡೆಂಟ್ ಹೊದಿಸಲು ಮಾತ್ರ ಹೋಗಬೇಡಿ.

ಬಟರ್‌ಕ್ರೀಮ್ ಅದಕ್ಕಿಂತ ವಾಸಿ. ಒಂದು ಪಾಲು ಬೆಣ್ಣೆಗೆ ಎರಡು ಪಾಲು ಐಸಿಂಗ್ ಸಕ್ಕರೆ, ನುಣ್ಣಗೆ ಬಡಿದರೆ ಆಯಿತು. ತಣ್ಣಗಿನ ಊರಿನವರಿಗೆ ಇದೇ ಮೊದಲ ಆಯ್ಕೆ. ಬೆಣ್ಣೆ ಕರಗುವುದು ಸುಮಾರು 32ರಿಂದ 35 ಡಿಗ್ರಿಯಲ್ಲಿ. ನಮ್ಮ ಅಡುಗೆಮನೆಯ ಶಾಖ ಎಪ್ರಿಲ್‌ನಲ್ಲಿ ಅಲ್ಲಿಗೇ ಬಂದು ನಿಂತಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಧೈರ್ಯವಾಗಿ ಬಳಸಬಹುದು.

ಗನಾಶ್ ಎಂಬ ಚಾಕಲೇಟ್–ಕ್ರೀಮ್ ಮಿಶ್ರಣವೇ ನಮ್ಮ ಊರಿಗೆ ಹೇಳಿದ್ದು. ಇದರ ಮೇಲೆ ನನಗೆ ಎಷ್ಟು ಭರವಸೆ ಎಂದರೆ, ಫಾಂಡೆಂಟ್ ಕಲಿಯುವ ಮೊದಲು ಎರಡು ವಾರ ಬರೀ ಗನಾಶ್ ಸವರುವುದನ್ನೇ ಕಲಿಯಿರಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಪುಸ್ತಕಗಳಲ್ಲಿ ಎರಡು ಪಾಲು ಕಪ್ಪು ಚಾಕಲೇಟಿಗೆ ಒಂದು ಪಾಲು ಕ್ರೀಮ್ ಎಂದಿರುತ್ತದೆ. ನಮ್ಮ ಸೆಖೆಗೆ, ಅದರಲ್ಲೂ ಅಂಗಡಿಯಲ್ಲಿ ಸಿಗುವ 25% ಕೊಬ್ಬಿನ ಪೊಟ್ಟಣದ ಕ್ರೀಮಿಗೆ, ಎರಡೂವರೆ ಪಾಲು ಚಾಕಲೇಟ್ ಬೇಕು. ಬಿಳಿ ಚಾಕಲೇಟಾದರೆ ಮೂರು ಪಾಲಿಗೂ ಮೀರಬಹುದು. ಆರು ಇಂಚಿನ ಕೇಕಿಗೆ 500 ಗ್ರಾಂ ಕಪ್ಪು ಚಾಕಲೇಟ್, 200 ಗ್ರಾಂ ಕ್ರೀಮ್ ತೆಗೆದುಕೊಳ್ಳಿ. ಕ್ರೀಮ್ ಅಂಚಿನಲ್ಲಿ ಗುಳ್ಳೆಯೇಳುವಷ್ಟು ಬಿಸಿಯಾದ ಕೂಡಲೇ ಇಳಿಸಿ, ಸಣ್ಣಗೆ ಹೆಚ್ಚಿದ ಚಾಕಲೇಟಿನ ಮೇಲೆ ಸುರಿದು, ಎರಡು ನಿಮಿಷ ಮುಟ್ಟದೆ ಬಿಟ್ಟು, ನಡುವಿನಿಂದ ಹೊರಕ್ಕೆ ಕಲಸುತ್ತ ಬನ್ನಿ. ರಾತ್ರಿಯಿಡೀ ಬಿಟ್ಟರೆ ಮರುದಿನ ಬೆಣ್ಣೆಯ ಹದಕ್ಕೆ ಬಂದಿರುತ್ತದೆ. ಸವರಿ, ಬಿಸಿನೀರಿನಲ್ಲಿ ಅದ್ದಿ ಒರೆಸಿದ ಸ್ಟೀಲ್ ಪಟ್ಟಿಯಿಂದ ನಯ ಮಾಡಿ, ಮತ್ತೆ ಒಂದು ರಾತ್ರಿ ಬಿಡಿ. ಆಗ ಅದು ಚಿಪ್ಪಿನಂತೆ ಗಟ್ಟಿಯಾಗಿ, ಒಳಗಿನ ತೇವವನ್ನು ಹೊರಗೂ ಹೊರಗಿನದನ್ನು ಒಳಗೂ ಬಿಡದಂತೆ ಕಾಯುತ್ತದೆ. ಫಾಂಡೆಂಟ್ ಹೊದಿಸುವ ಮುನ್ನ ತೆಳು ಸಕ್ಕರೆನೀರನ್ನು ಕುಂಚದಲ್ಲಿ ಒಂದೇ ಒಂದು ಸಲ ಸವರಿದರೆ ಹಿಡಿದುಕೊಳ್ಳುತ್ತದೆ.

ಕೇಕಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗಾಳಿ ತುಂಬಿದ ಸ್ಪಂಜು ಭಾರ ಹೊರುವುದಿಲ್ಲ. ಬೆಣ್ಣೆ ಕೇಕ್ ಅಥವಾ ದಟ್ಟವಾದ ಚಾಕಲೇಟ್ ಕೇಕ್ ಹೊರುತ್ತದೆ. ಎಲ್ಲಕ್ಕಿಂತ ಚೆನ್ನಾಗಿ ಹೊರುವುದು ಪ್ಲಮ್ ಕೇಕ್. ಇಂಗ್ಲೆಂಡಿನಲ್ಲಿ ಮದುವೆಯ ಕೇಕಿಗೆ ಮಾರ್ಜಿಪಾನ್ ಮತ್ತು ಸಕ್ಕರೆಯ ಹೊದಿಕೆ ಹಾಕುವ ಪದ್ಧತಿ ಬೆಳೆದದ್ದೇ ಒಣಹಣ್ಣಿನ ದಟ್ಟ ಕೇಕಿನ ಮೇಲೆ. ಅದು ನಮಗೂ ಹೊರಗಿನದೇನಲ್ಲ: ನಮ್ಮಿಂದ ತೆಂಕಕ್ಕೆ ರೈಲು ಹತ್ತಿದರೆ ಸಿಗುವ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಅವರು 1883ರಲ್ಲೇ ಕ್ರಿಸ್‌ಮಸ್ ಕೇಕ್ ಬೇಯಿಸಿ ಹೆಸರು ಮಾಡಿದ್ದರು. ಒಳಗಿನ ಪದರಕ್ಕೂ ಗನಾಶ್ ಅಥವಾ ಜಾಮ್ ಇರಲಿ. ತಾಜಾ ಹಣ್ಣು ಬೇಡ. ಅದು ನೀರು ಬಿಡುತ್ತದೆ, ಹೊರಗಿಟ್ಟರೆ ಹಳಸುತ್ತದೆ.

ಮೊದಲ ಕೇಕಿನ ಆಕಾರ

ಕಾರು, ಆನೆ, ಕೋಟೆ ಎಂದು ಕೇಕನ್ನೇ ಕೆತ್ತಿ ಮಾಡುವುದು ಒಂದು ಬಗೆ. ಬೊಂಬೆಯ ಸೊಂಟದವರೆಗೆ ಕೇಕಿನ ಲಂಗ ಮಾಡುವುದು ಇನ್ನೊಂದು. ಸಾದಾ ದುಂಡು ಕೇಕಿನ ಮೇಲೆ ಪ್ರತ್ಯೇಕವಾಗಿ ಮಾಡಿದ ಗೊಂಬೆ ಕೂರಿಸುವುದು ಮೂರನೆಯದು. ಹೊಸಬರು ಮೊದಲನೆಯದಕ್ಕೇ ಕೈಹಾಕುತ್ತಾರೆ, ಏಕೆಂದರೆ ಚಿತ್ರದಲ್ಲಿ ಮನ ಸೆಳೆಯುವುದು ಅದೇ. ಆದರೆ ಕೆತ್ತಿದ ಕೇಕಿಗೆ ಏಳೆಂಟು ಮೂಲೆ, ತಗ್ಗು, ಉಬ್ಬು. ಒಂದೊಂದರಲ್ಲೂ ಹೊದಿಕೆ ನೆರಿಗೆ ಕಟ್ಟುತ್ತದೆ ಅಥವಾ ಹರಿಯುತ್ತದೆ. ಬೊಂಬೆ ಕೇಕಿನಲ್ಲಿ ನೆರಿಗೆ ಬಿದ್ದರೂ ಲಂಗದ ನೆರಿಗೆಯೆಂದೇ ಕಾಣುವುದರಿಂದ ಅದು ಕ್ಷಮಿಸುವ ಕೇಕ್. ಆದರೂ ನನ್ನ ಮತ ಮೂರನೆಯದಕ್ಕೆ. ಗೊಂಬೆಯನ್ನು ಮೂರು ನಾಲ್ಕು ದಿನ ಮೊದಲೇ ಸಾವಕಾಶವಾಗಿ ಮಾಡಬಹುದು. ಕೆಟ್ಟರೆ ಇನ್ನೊಂದು ಮಾಡಬಹುದು. ಕೇಕಿನ ದಿನ ಕೇಕಿನ ಚಿಂತೆ ಮಾತ್ರ ಉಳಿಯುತ್ತದೆ.

ಯಾವ ಗೊಂಬೆ? ನಿಂತದ್ದಕ್ಕಿಂತ ಮಲಗಿದ್ದು ಸುಲಭ. ಆನೆಯಾದ ಮರುವರ್ಷ ಅದೇ ಹುಡುಗ ಅಜ್ಜನ ಹಟ್ಟಿಯ ಕಾಸರಗೋಡು ಗಿಡ್ಡ ಹಸು ಬೇಕೆಂದ. ನಮ್ಮ ಈ ಪುಟ್ಟ ತಳಿ ಹೊಸಬರ ಕೈಗೆ ಹೇಳಿ ಮಾಡಿಸಿದಂತಿದೆ: ಕಂದು ಮೈ, ಮೋಟು ಕಾಲು, ದುಂಡು ಹೊಟ್ಟೆ. ಒಂದು ನಿಂಬೆಹಣ್ಣಿನ ಗಾತ್ರದ ಹಿಟ್ಟನ್ನು ಬಿರುಕಿಲ್ಲದಂತೆ ಉರುಟಿಸಿ, ಒಂದು ತುದಿಯನ್ನು ತುಸು ಸಪೂರ ಮಾಡಿ ಮಲಗಿಸಿದೆ, ಮೈ ಆಯಿತು. ಬೆರಳ ಗಾತ್ರದ ನಾಲ್ಕು ಬತ್ತಿಗಳನ್ನು ಮಡಚಿ ಹೊಟ್ಟೆಯ ಅಡಿಗೆ ಸೇರಿಸಿದೆ, ಮಲಗಿದ ಹಸುವಿನ ಕಾಲು ಭಾರ ಹೊರಬೇಕಾಗಿಲ್ಲವಲ್ಲ. ತಲೆಗೆ ಗೋಲಿಗಿಂತ ದೊಡ್ಡ ಉಂಡೆ, ಅದರ ಮುಂದೆ ತಿಳಿಬಣ್ಣದ ಮೂತಿ. ಕುತ್ತಿಗೆಗೆ ಹಸಿ ಸ್ಪಾಗೆಟಿಯ ಒಂದಿಂಚು ತುಂಡು ಚುಚ್ಚಿ ತಲೆ ಕೂರಿಸಿದೆ. ಟೂತ್‌ಪಿಕ್ ಯಾವತ್ತೂ ಬಳಸಬೇಡಿ, ಮಗುವಿನ ಬಾಯಿಗೆ ಹೋಗುವ ವಸ್ತು ಇದು. ಹುಡುಗ ಪಕ್ಕದಲ್ಲೇ ನಿಂತು ನೋಡುತ್ತಿದ್ದ.

"ಚಿಕ್ಕಮ್ಮ, ಕಿವಿ ಹೀಗೆ ಮೇಲೆ ಇರುವುದಿಲ್ಲ. ಬದಿಗೆ ಇರುತ್ತದೆ, ಕೊಂಬಿನ ಕೆಳಗೆ," ಎಂದ.

ಅವನು ಹೇಳಿದ್ದು ಸರಿಯಾಗಿತ್ತು. ನಾನು ಚಿತ್ರ ನೋಡಿ ಮಾಡುತ್ತಿದ್ದೆ, ಅವನು ದಿನವೂ ಹಸುವನ್ನು ನೋಡುತ್ತಿದ್ದ. ಕಿವಿಯನ್ನು ಕಿತ್ತು ಬದಿಗೆ ಅಂಟಿಸಿದ ಕೂಡಲೇ ಅದು ಯಾವುದೋ ಪ್ರಾಣಿಯಾಗಿದ್ದದ್ದು ಅಜ್ಜನ ಮನೆಯ ಹಸುವಾಯಿತು. ಮಾಡುವ ಮುನ್ನ ಆ ವಸ್ತುವನ್ನೇ ಹೋಗಿ ನೋಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಗೊಂಬೆಗೆ ಗಟ್ಟಿತನ ಬರಲು 250 ಗ್ರಾಂ ಫಾಂಡೆಂಟಿಗೆ ಅರ್ಧದಿಂದ ಒಂದು ಸಣ್ಣ ಚಮಚ ಸಿಎಂಸಿ ಎಂಬ ಖಾದ್ಯ ಗೋಂದಿನ ಪುಡಿ ನಾದಿ, ಸ್ವಲ್ಪ ಹೊತ್ತು ಮುಚ್ಚಿಡಿ. ಅದೇ ಪುಡಿಯ ಒಂದು ಚಿಟಿಕೆಯನ್ನು ಎರಡು ಚಮಚ ನೀರಿನಲ್ಲಿ ಕದಡಿ ಬಿಟ್ಟರೆ ತಿನ್ನಬಹುದಾದ ಅಂಟೂ ಸಿದ್ಧ. ಒಣಗಿಸಲು ಕಾರ್ನ್‌ಫ್ಲೋರ್ ಹರಡಿದ ತಟ್ಟೆಯ ಮೇಲಿಡಿ. ಮಳೆಗಾಲದಲ್ಲಿ ಓವನ್ನನ್ನು ಬಿಸಿ ಮಾಡದೆ ಒಳಗಿನ ದೀಪವನ್ನಷ್ಟೇ ಉರಿಸಿ ಅದರೊಳಗೆ ಇಟ್ಟರೆ ಆ ಸಣ್ಣ ಬೆಚ್ಚಗೆ ಸಾಕಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಹಸಿ ಗೊಂಬೆಯನ್ನು ಮುಚ್ಚಿದರೆ ಬೂಷ್ಟು ಹಿಡಿಯುತ್ತದೆ.

ಯಕ್ಷಗಾನದ ಕಿರೀಟ ಮಾಡಿಕೊಡಿ ಎಂದು ನಮ್ಮಲ್ಲಿ ಕೇಳುವವರಿದ್ದಾರೆ. ಚಿನ್ನದ ಬಣ್ಣ, ಕೆಂಪು, ಹಸಿರು, ಮಣಿಸಾಲು ಎಲ್ಲವೂ ಫಾಂಡೆಂಟಿನಲ್ಲಿ ಎದ್ದು ಕಾಣುತ್ತವೆ. ಅದನ್ನು ಚಪ್ಪಟೆ ಫಲಕದಂತೆ ಬೇರೆಯಾಗಿ ಮಾಡಿ, ಕತ್ತರಿಸುವ ಮುನ್ನ ಎತ್ತಿಡುವಂತಿರಲಿ. ದೇವರ ಮೂರ್ತಿ, ತೆಯ್ಯ ಎಂಬ ದೈವದ ಮುಖ ಇವಕ್ಕೆ ನಾನು ಒಪ್ಪುವುದಿಲ್ಲ. ಕತ್ತಿ ತಾಗಲಿರುವ ವಸ್ತುವಿನ ಮೇಲೆ ಅವು ಬೇಡ.

ಲಟ್ಟಿಸುವುದು, ಬಣ್ಣ, ಸಾಮಾನು

ಹೊದಿಕೆಯ ಅಳತೆ ಹೀಗೆ: ಕೇಕಿನ ಅಗಲಕ್ಕೆ ಎರಡೂ ಬದಿಯ ಎತ್ತರ ಕೂಡಿಸಿ, ಒಂದಿಂಚು ಹೆಚ್ಚು. ಆರಿಂಚು ಅಗಲ, ನಾಲ್ಕಿಂಚು ಎತ್ತರದ ಕೇಕಿಗೆ ಹದಿನೈದಿಂಚಿನ ದುಂಡು ಬೇಕು. ಮೂರರಿಂದ ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಸುಮಾರು 600 ಗ್ರಾಂ ಹಿಟ್ಟು. ಹೊಸಬರು 750 ಗ್ರಾಂ ಇಟ್ಟುಕೊಳ್ಳಿ. ಮಣೆಗೆ ಅಂಟದಿರಲು ಕಾರ್ನ್‌ಫ್ಲೋರ್ ಉದುರಿಸುವುದೋ ವನಸ್ಪತಿ ಸವರುವುದೋ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ತೇವದ ದಿನ ಕಾರ್ನ್‌ಫ್ಲೋರ್, ಒಣ ದಿನ ವನಸ್ಪತಿ. ತೆಳು ಬಟ್ಟೆಯಲ್ಲಿ ಕಾರ್ನ್‌ಫ್ಲೋರಿನ ಪುಟ್ಟ ಗಂಟು ಕಟ್ಟಿಕೊಂಡು ತಟ್ಟಿದರೆ ಹದವಾಗಿ ಬೀಳುತ್ತದೆ, ಇಲ್ಲವಾದರೆ ಹೊದಿಕೆ ಒಣಗಿ ಅಂಚಿನಲ್ಲಿ ಬಿರಿಯುತ್ತದೆ. ಹೊದಿಸಿದ ಮೇಲೆ ಮೊದಲು ಮೇಲ್ಭಾಗ, ಆಮೇಲೆ ಅಂಚು, ಕೊನೆಗೆ ಬದಿ. ಬದಿಯಲ್ಲಿ ನೆರಿಗೆ ಕಂಡರೆ ಒತ್ತಬೇಡಿ. ಸೀರೆಯ ಸೆರಗನ್ನು ಬಿಡಿಸುವಂತೆ ಕೆಳಗಿನಿಂದ ಹೊರಕ್ಕೆ ಬಿಡಿಸಿ, ಆಮೇಲೆ ಅಂಗೈಯಿಂದ ಮೇಲಿಂದ ಕೆಳಕ್ಕೆ ಸವರಿ.

ಬಣ್ಣಕ್ಕೆ ನೀರಿನಂಥದ್ದು ಬೇಡ, ಜೆಲ್ ಬಣ್ಣ ಬೇಕು. ಕಪ್ಪು, ಕೆಂಪು ಎರಡನ್ನು ಮಾತ್ರ ಬಣ್ಣ ಹಾಕಿದ ಸಿದ್ಧ ಪೊಟ್ಟಣದಲ್ಲೇ ಕೊಳ್ಳಿ. ಬಿಳಿ ಹಿಟ್ಟನ್ನು ಮನೆಯಲ್ಲಿ ಕಡು ಕೆಂಪಾಗಿಸಲು ಹೊರಟರೆ ಹಿಟ್ಟು ಕಹಿಯಾಗುತ್ತದೆ, ಮೆತ್ತಗೂ ಆಗುತ್ತದೆ. ಕಲಸಿದ ಬಣ್ಣ ರಾತ್ರಿ ಕಳೆದರೆ ಇನ್ನಷ್ಟು ಗಾಢವಾಗುವುದರಿಂದ ಬೇಕಾದದ್ದಕ್ಕಿಂತ ಒಂದು ಛಾಯೆ ಕಡಿಮೆಯಲ್ಲೇ ನಿಲ್ಲಿಸಿ. ಗುಲಾಬಿ ಮತ್ತು ನೇರಳೆ ಕಿಟಕಿಯ ಬೆಳಕಿಗೆ ಮಾಸುತ್ತವೆ.

ಸಾಮಾನುಗಳ ದೊಡ್ಡ ಪೆಟ್ಟಿಗೆ ಕೊಳ್ಳುವ ಮೊದಲು ಅಡುಗೆಮನೆಯನ್ನು ಒಮ್ಮೆ ನೋಡಿ. ಒತ್ತುಶ್ಯಾವಿಗೆಯ ಮರದ ಮಣೆ ದೊಡ್ಡದಾಯಿತು, ಆದರೆ ಕೈಯಲ್ಲಿ ತಿರುಗಿಸುವ ಹಿತ್ತಾಳೆಯ ಚಕ್ಕುಲಿ ಒರಳಿಗೆ ಸಣ್ಣ ತೂತಿನ ಬಿಲ್ಲೆ ಹಾಕಿ ಮೆತ್ತಗಿನ ಹಿಟ್ಟು ಒತ್ತಿದರೆ ಕೂದಲು, ಹಗ್ಗ, ಹುಲ್ಲು ಎಲ್ಲ ಬರುತ್ತದೆ. ಚಹಾ ಸೋಸುವ ಜಾಲರಿಯಲ್ಲಿ ಒತ್ತಿದರೆ ಕುರಿಯ ಉಣ್ಣೆ. ಕೊಳ್ಳಲೇಬೇಕಾದದ್ದು ನುಣುಪು ಮಾಡುವ ಹಲಗೆ ಎರಡು, ಉದ್ದನೆಯ ಲಟ್ಟಣಿಗೆ ಒಂದು, ಗ್ರಾಂ ತೋರಿಸುವ ತಕ್ಕಡಿ ಒಂದು, ತಿರುಗುವ ಮಣೆ ಒಂದು. ಗುಳ್ಳೆ ಒಡೆಯಲು ಹೊಸ ಸೂಜಿ.

ಎಲ್ಲಿ ಕಲಿಯುವುದು?

ವಿಡಿಯೊ ನೋಡಿ ಗೊಂಬೆ ಮಾಡುವುದನ್ನು ಚೆನ್ನಾಗಿಯೇ ಕಲಿಯಬಹುದು. ಕಣ್ಣಿಗೆ ಕಾಣುವ ಕೆಲಸ ಅದು. ಹೊದಿಸುವುದನ್ನು ಮಾತ್ರ ಹಾಗೆ ಕಲಿಯುವುದು ಕಷ್ಟ. ಹಿಟ್ಟಿನ ಹದ ಕೈಗೆ ತಾಗಿಯೇ ತಿಳಿಯಬೇಕು. ದೋಸೆ ಹಿಟ್ಟಿನ ಹದವನ್ನು ಯಾರೂ ಓದಿ ಕಲಿತಿಲ್ಲ.

ಒಂದು ದಿನದ ತರಗತಿಗಳು ಕಾಸರಗೋಡು ಪೇಟೆಯಲ್ಲೂ ಮಂಗಳೂರಿನಲ್ಲೂ ನಡೆಯುತ್ತವೆ. ಪೇಟೆಯವು ಹೆಚ್ಚಾಗಿ ಮಲಯಾಳದಲ್ಲಿ. ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಬೆಳಗ್ಗಿನ ರೈಲಿಗೆ ಹೋಗಿ ಸಂಜೆ ಬರಬಹುದು, ಮಾತು ಕನ್ನಡ ಅಥವಾ ತುಳುವಿನಲ್ಲಿ. ಹಣ ಕಟ್ಟುವ ಮುನ್ನ ಒಂದೇ ಪ್ರಶ್ನೆ ಕೇಳಿ: ಇಡೀ ಕೇಕನ್ನು ನನ್ನ ಕೈಯಿಂದಲೇ ಹೊದಿಸಲು ಬಿಡುತ್ತೀರಾ, ಅಥವಾ ನೀವು ಮಾಡುವುದನ್ನು ನೋಡಬೇಕೇ? ನೋಡುವುದಕ್ಕೆ ಮಾತ್ರವಾದರೆ ಆ ಹಣಕ್ಕೆ ಮೂರು ಕಿಲೋ ಫಾಂಡೆಂಟ್ ಕೊಂಡು ಮನೆಯಲ್ಲಿ ಅಭ್ಯಾಸ ಮಾಡುವುದು ಒಳ್ಳೆಯದು. ನಾನು ಹೋದ ಮೊದಲ ತರಗತಿಯಲ್ಲಿ ಇಪ್ಪತ್ತು ಜನರ ನಡುವೆ ಒಂದು ಕೇಕ್ ಇತ್ತು, ನನ್ನ ಬೆರಳು ಹಿಟ್ಟಿಗೆ ತಾಗಿದ್ದು ಎರಡು ನಿಮಿಷ. ಅಲ್ಲದೆ ಎಸಿ ಕೋಣೆಯಲ್ಲಿ ಕಲಿತದ್ದು ಮನೆಗೆ ಬಂದಾಗ ಕೈಕೊಡುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. ಈಗ ನಮ್ಮ ಹಳ್ಳಿಗಳಲ್ಲೂ ಮನೆಯಲ್ಲೇ ಕೇಕ್ ಮಾಡಿ ಮಾರುವ ಹೆಂಗಸರಿದ್ದಾರೆ, ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಘಟಕಗಳಲ್ಲಿರುವವರೂ ಇದ್ದಾರೆ. ಅಂಥ ಒಬ್ಬರ ಬಳಿ ನಾಲ್ಕು ಶನಿವಾರ ಕೆಲಸಕ್ಕೆ ನೆರವಾಗುತ್ತೇನೆ ಎಂದು ಕೇಳಿಕೊಳ್ಳಿ. ಅವರು ಎಸಿ ಇಲ್ಲದ ಅಡುಗೆಮನೆಯಲ್ಲಿ, ಇದೇ ಸೆಖೆಯಲ್ಲಿ, ಕರೆಂಟು ಹೋದಾಗಲೂ ಕೇಕ್ ಮುಗಿಸಿ ಕೊಟ್ಟವರು. ಪಾತ್ರೆ ತೊಳೆದುಕೊಟ್ಟು ಪಡೆದ ಆ ನಾಲ್ಕು ದಿನಗಳಿಂದ ನನಗೆ ದಕ್ಕಿದಷ್ಟು ಯಾವ ಪ್ರಮಾಣಪತ್ರದಿಂದಲೂ ದಕ್ಕಲಿಲ್ಲ. ಮುಂದೆ ನೀವೂ ಮಾರಲು ಹೊರಟರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿಕೊಳ್ಳಲೇಬೇಕು, ಮನೆಯ ಅಡುಗೆಮನೆಯಾದರೂ ಸರಿ.

ಇಡುವುದು, ಒಯ್ಯುವುದು

ಗನಾಶ್ ಹಾಕಿ ಹೊದಿಸಿದ ಕೇಕನ್ನು, ಒಳಗೆ ಹಳಸುವ ವಸ್ತು ಇಲ್ಲದಿದ್ದರೆ, ಮನೆಯ ತಂಪು ಮೂಲೆಯಲ್ಲಿ ಒಂದು ದಿನ ಹೊರಗೇ ಇಡಬಹುದು. ಎಪ್ರಿಲ್, ಮೇ ತಿಂಗಳಲ್ಲಿ ಫ್ರಿಜ್ ಬೇಕೇಬೇಕಾದರೆ ರಟ್ಟಿನ ಪೆಟ್ಟಿಗೆಯಲ್ಲಿ ಮುಚ್ಚಿ ಇಡಿ. ರಟ್ಟು ತೇವ ಹೀರುತ್ತದೆ. ತೆಗೆದಾಗ ಪೆಟ್ಟಿಗೆ ಬಿಚ್ಚದೆ ಒಂದು ಗಂಟೆ ಹಾಗೇ ಬಿಡಿ, ಇಬ್ಬನಿ ರಟ್ಟಿನ ಮೇಲೆ ಕೂರಲಿ. ಆದರೂ ಕೇಕ್ ಬೆವರಿದರೆ ಬೆರಳು ತಾಗಿಸದೆ ಫ್ಯಾನಿನಡಿ ಇಟ್ಟರೆ ಬಹುಮಟ್ಟಿಗೆ ಆರುತ್ತದೆ. ಒರೆಸಿದಿರೋ, ಬಣ್ಣ ಕದಡಿತು.

ಕಾರಿನಲ್ಲಿ ಕೇಕಿನ ಜಾಗ ಮುಂದಿನ ಸೀಟಿನ ಎದುರಿನ ಸಮತಟ್ಟು ನೆಲ. ಸೀಟು ಓರೆಯಿರುತ್ತದೆ, ಮಡಿಲು ಬಿಸಿಯಿರುತ್ತದೆ. ಪೆಟ್ಟಿಗೆಯ ಅಡಿಗೆ ಜಾರದ ರಬ್ಬರ್ ಹಾಸು ಹಾಕಿ. ಮುಳ್ಳೇರಿಯದ ಕಡೆಯ ಏರಿಳಿತದ ರಸ್ತೆಯಾದರೆ ಗೊಂಬೆಯನ್ನು ಬೇರೆ ಡಬ್ಬಿಯಲ್ಲಿ ಒಯ್ದು ಅಲ್ಲಿಗೆ ಹೋದ ಮೇಲೆ ಕೂರಿಸಿ. ಜೊತೆಗೆ ಒಂದು ಸಣ್ಣ ಚೀಲದಲ್ಲಿ ಬಳಸಿದ ಪ್ರತಿ ಬಣ್ಣದ ಅಡಿಕೆಯಷ್ಟು ಹಿಟ್ಟು, ಅಂಟು, ಸಣ್ಣ ಕುಂಚ, ಎರಡು ತುಂಡು ಸ್ಪಾಗೆಟಿ ಇರಲಿ. ಗಿಡ್ಡದ ಒಂದು ಕೊಂಬು ದಾರಿಯಲ್ಲಿ ಮುರಿದಿತ್ತು. ಅಕ್ಕನ ಮನೆಯ ಜಗಲಿಯಲ್ಲೇ ಕೂತು ಹೊಸದನ್ನು ಅಂಟಿಸಿದೆ, ಒಣಗುವವರೆಗೆ ಹುಡುಗ ಬೀಸಣಿಗೆ ಹಿಡಿದು ಗಾಳಿ ಹಾಕಿದ.